ಷೋಕೇಸಿನ ಕೆಳಗಿನ ಖಾನೆ

ನಾನು ಕುಡಿಯುವವನಲ್ಲ ಎಂದರೆ ಸುಳ್ಳಾಗುತ್ತದೆ. ಕುಡಿಯುವವನು ಎಂದರೆ ನಿಜವಾಗಿ ಕುಡಿಯುವವರಿಗೆ ಅವಮಾನವಾಗುತ್ತದೆ. ಒಂದು ಪೆಗ್ಗನ್ನು ಎರಡು ಗಂಟೆ ಕೈಯಲ್ಲಿ ಹಿಡಿದು ಕೂತು, ಕೊನೆಗೆ ಯಾರೂ ನೋಡದಾಗ ಅರ್ಧವನ್ನು ಹೂವಿನ ಕುಂಡಕ್ಕೆ ಸುರಿಯುವವರ ಪೈಕಿ ನಾನು. ಆದರೂ ತೊಂಬತ್ತರ ದಶಕದ ಕೊನೆಯಲ್ಲಿ, ಶಿವಮೊಗ್ಗದ ರವೀಂದ್ರನಗರದಲ್ಲಿ, ನಮ್ಮ ರಸ್ತೆಯ ಮಟ್ಟಿಗಾದರೂ ಅತ್ಯಂತ ಸಮೃದ್ಧವಾದ ಬಾರ್ ಇದ್ದದ್ದು ನಮ್ಮ ಮನೆಯಲ್ಲೇ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಈಥೈಲ್ ಆಲ್ಕೋಹಾಲಿನ ಗುಣಲಕ್ಷಣಗಳು ಬಾಯಿಪಾಠ. ಅದು ಬಣ್ಣವಿಲ್ಲದ, ಬೇಗ ಆವಿಯಾಗುವ ದ್ರವ ಎಂದು ವರ್ಷವರ್ಷವೂ ಬರೆಸಿದ್ದೇನೆ. ಅತಿಥಿಗಳ ಎದುರು ಅದು ಒಂದಿಷ್ಟೂ ಆವಿಯಾಗದೆ ಉಳಿಯಬಲ್ಲದು ಎಂಬುದು ಮಾತ್ರ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಸ್ವಂತ ಮನೆ ಕಟ್ಟಿಸಿದ ಹೊಸದು. ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ 'ಮನೆಯ ಬಾರ್ ಹೇಗಿರಬೇಕು' ಎಂಬ ಲೇಖನ ಓದಿದ್ದೆ. ಹಲ್ಲುನೋವು ಹೋಯಿತು, ಲೇಖನ ತಲೆಯಲ್ಲಿ ಉಳಿಯಿತು. ಮನೆ ಎಂದ ಮೇಲೆ ನಾಲ್ಕು ಜನ ಬರಬೇಕು, ಕೂರಬೇಕು, ಗ್ಲಾಸುಗಳು ಕಿಣಿಕಿಣಿ ಎನ್ನಬೇಕು ಎಂಬುದು ನನ್ನ ಆಸೆ. ನನ್ನ ಹೆಂಡತಿ ಸುಮಿತ್ರಾಳ ಆಸೆ ಇನ್ನೂ ಚಿಕ್ಕದು. ಅವಳಿಗೆ ನಾಲ್ಕು ಜನ ಬೇಡ, ಒಬ್ಬರೇ ಸಾಕು. ಭದ್ರಾವತಿಯಲ್ಲಿ ಮಗನ ಜೊತೆಗಿದ್ದ ಅವಳ ಅಪ್ಪ ಒಂದೇ ಒಂದು ರಾತ್ರಿ ನಮ್ಮ ಮನೆಯಲ್ಲಿ ಉಳಿಯಬೇಕು. ಮದುವೆಯಾಗಿ ಒಂಬತ್ತು ವರ್ಷವಾದರೂ ಆ ಮನುಷ್ಯ ಮಗಳ ಮನೆಯಲ್ಲಿ ತಲೆದಿಂಬಿಗೆ ತಲೆ ಕೊಟ್ಟಿರಲಿಲ್ಲ. ಬೆಳಿಗ್ಗೆ ಬರುವುದು, ಊಟ ಮಾಡುವುದು, ಸಂಜೆ ಐದು ಹೊಡೆಯುತ್ತಲೇ ಚಡಪಡಿಸುವುದು. "ಅಳಿಯಂದ್ರೇ, ಬಸ್ಸು ತಪ್ಪಿ ಹೋಗುತ್ತೆ" ಎಂದು ಎದ್ದೇ ಬಿಡುತ್ತಿದ್ದರು. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸು ತಪ್ಪಿಸಿಕೊಳ್ಳಬೇಕೆಂದರೆ ಬಹಳ ಕಷ್ಟಪಡಬೇಕು. ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ.

ಅವಳ ಆಸೆ ನನ್ನ ಕೈಯಲ್ಲಿರಲಿಲ್ಲ, ನನ್ನದು ಇತ್ತು. ಹಾಲಿನ ಷೋಕೇಸಿಗೆ ಕೆಳಗೊಂದು ಬಾಗಿಲಿರುವ ಖಾನೆ ಮಾಡಿಸಿದೆ. ಬಡಗಿ "ಇದು ಯಾತಕ್ಕೆ ಸಾರ್?" ಎಂದು ಕೇಳಿದ. "ಪುಸ್ತಕಕ್ಕೆ" ಎಂದೆ. ಅವನು ನಾನು ಹೇಳಿದ ಎತ್ತರವನ್ನು ಟೇಪಿನಲ್ಲಿ ಅಳೆದು, ನನ್ನ ಮುಖ ನೋಡಿ, "ಹಂಗಾದ್ರೆ ಇನ್ನೊಂದಿಂಚು ಜಾಸ್ತಿ ಇಡ್ತೀನಿ ಸಾರ್. ಮುಚ್ಚಳ ತಗಲಬಾರದು" ಎಂದ.

ಖಾನೆ ತುಂಬುವುದು ಇನ್ನೊಂದು ಪಾಡು. ಊರೊಳಗಿನ ವೈನ್ ಶಾಪಿಗೆ ಹೋದರೆ ವಿದ್ಯಾರ್ಥಿಗಳು ನೋಡುತ್ತಾರೆಂದು ಸ್ಕೂಟರಿನಲ್ಲಿ ಮಲವಗೊಪ್ಪದ ಕಡೆ ಹೋದೆ. ಊರೊಳಗೆ ಹೋದರೆ ಮೇಷ್ಟ್ರು ನೋಡುತ್ತಾರೆಂದು ನನ್ನ ಫೈನಲ್ ಇಯರಿನ ಮೂವರು ಹುಡುಗರೂ ಅಲ್ಲಿಗೇ ಬಂದಿದ್ದರು. ಮೂವರೂ ಒಟ್ಟಿಗೆ "ನಮಸ್ಕಾರ ಸಾರ್" ಎಂದರು. ಲ್ಯಾಬಿಗೆ ಏನೋ ಬೇಕಿತ್ತು ಎಂಬ ಧಾಟಿಯಲ್ಲಿ ತಲೆಯಾಡಿಸಿದೆ. ಹಾಗೆ ಎರಡು ವಿಸ್ಕಿ, ಒಂದು ರಮ್, ಕೆಮ್ಮಿಗೆಂದು ಬ್ರಾಂದಿ, ಲೇಖನದಲ್ಲಿ ಹೇಳಿತ್ತೆಂದು ಜಿನ್ನು ಎಲ್ಲ ಹಳೆಯ ದಿನಪತ್ರಿಕೆ ಸುತ್ತಿಕೊಂಡು ಮನೆಗೆ ಬಂದವು. ಕಾಕ್‌ಟೇಲ್ ಕಲಕುವ ಪಾತ್ರೆ ಶಿವಮೊಗ್ಗದಲ್ಲಿ ಸಿಗಲಿಲ್ಲ. ಅದರ ಬದಲು ಮಜ್ಜಿಗೆ ಕಡೆಯುವ ಕಡಗೋಲನ್ನು ಕೇಳಿದ್ದಕ್ಕೆ ಸುಮಿತ್ರಾ ಕೊಡಲಿಲ್ಲ.

ಮೊದಲ ಪಾರ್ಟಿಗೆ ಐವರು ಸಹೋದ್ಯೋಗಿಗಳನ್ನು ಕರೆದೆ. ಕಾಲೇಜಿನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡುವವರು ನಮ್ಮ ಹಾಲಿನಲ್ಲಿ ಹೆಣ್ಣು ನೋಡಲು ಬಂದವರ ಹಾಗೆ ಸೋಫಾದ ಅಂಚಿನಲ್ಲಿ ಕೂತರು. ಐಸ್ ಹಾಕಿಕೊಟ್ಟೆ. ಫ್ರಿಜ್ಜಿನಲ್ಲಿ ಮಲ್ಲಿಗೆ ದಂಡೆ ಇಟ್ಟಿದ್ದರಿಂದ ಐಸಿಗೂ ಮಲ್ಲಿಗೆಯ ಘಮ ಹತ್ತಿತ್ತು. ಮೊದಲ ಗುಟುಕಿಗೇ ಇತಿಹಾಸದ ಮೇಷ್ಟ್ರು ಯಾರದೋ ಮದುವೆ ನೆನಪಾದವರಂತೆ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಸುಮಿತ್ರಾ ಬೋಂಡದ ತಟ್ಟೆ ಹಿಡಿದು ಬಂದಳು. ಐದೂ ಗ್ಲಾಸುಗಳು ಕ್ಷಣಾರ್ಧದಲ್ಲಿ ಕುರ್ಚಿಗಳ ಹಿಂದೆ ಹೋದವು, ಐದೂ ಜನ ಎದ್ದು ನಿಂತರು. ಒಂದು ಗ್ಲಾಸು ಉರುಳಿ ಅವಳ ಕಾಲಿನವರೆಗೂ ಬಂತು. "ಕೂತ್ಕೊಳ್ಳಿ, ನಾನೇನೂ ನೋಡ್ಲಿಲ್ಲ" ಎಂದು ಹೇಳಿ ಒಳಗೆ ಹೋದಳು. ಹೊರಡುವಾಗ ಇತಿಹಾಸದವರು ನನ್ನ ಭುಜದ ಮೇಲೆ ಕೈಯಿಟ್ಟು, "ಮನೇಲೆಲ್ಲ ಬೇಡ ಮಾರಾಯ. ಅಕ್ಕ ಓಡಾಡ್ತಿರ್ತಾರೆ, ಗಂಟಲಲ್ಲಿ ಇಳಿಯಲ್ಲ. ಗಾಜನೂರು ಕಡೆ ಕಾರ್ ನಿಲ್ಸಿ ಕೂತರೆ ಅದರ ಗಮ್ಮತ್ತೇ ಬೇರೆ" ಎಂದರು. ಅಲ್ಲಿಗೆ ನನ್ನ ಬಾರಿಗೆ ಗಿರಾಕಿ ಇಲ್ಲದಂತಾಯಿತು. ಬಾಟಲಿಗಳ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿಟ್ಟಿದ್ದೆ. ಲ್ಯಾಬಿನ ಚಾಳಿ. ತಿಂಗಳುಗಟ್ಟಲೆ ದ್ರವ ಗೆರೆ ಬಿಟ್ಟು ಕದಲಲಿಲ್ಲ.

ನಮ್ಮ ಪೂಜೆಯಲ್ಲಿ ದೇವರಿಗೆ ಹದಿನಾರು ಉಪಚಾರಗಳಿವೆ. ಕರೆಯುವುದು, ಕೂರಿಸುವುದು, ಕಾಲಿಗೆ ನೀರು, ಕೈಗೆ ನೀರು, ಸ್ನಾನ, ಬಟ್ಟೆ, ಗಂಧ, ಹೂವು, ಹೀಗೆ. ಮನೆಗೆ ಬಂದವರಿಗೂ ಹೆಚ್ಚುಕಡಿಮೆ ಇದೇ ಪಟ್ಟಿ. ಪಟ್ಟಿಯಲ್ಲಿ ಏನೋ ಒಂದು ಬಿಟ್ಟುಹೋಗಿದೆ ಎಂದು ನನಗೆ ಆಗ ಅನ್ನಿಸುತ್ತಿತ್ತು. ಏನೆಂದು ಹೊಳೆಯುತ್ತಿರಲಿಲ್ಲ.

ಹೀಗಿರುವಾಗ ಒಂದು ಮದುವೆಮನೆಯಲ್ಲಿ ಸುಮಿತ್ರಾಳ ಅಣ್ಣ ಸಿಕ್ಕ. ಮಾವ ಯಾಕೆ ಉಳಿಯುವುದಿಲ್ಲ ಎಂದು ನಾನು ಕೇಳಿದ್ದಕ್ಕೆ ಅವನು ಆಚೀಚೆ ನೋಡಿ, "ಭಾವ, ಅಪ್ಪಂಗೆ ಸಂಜೆ ಒಂದು ತೊಂಬತ್ತು ಬೇಕು. ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ನಿಮ್ಮನೇಲಿ ಹೆಂಗೆ ತಗೊಳ್ತಾರೆ?" ಎಂದ. ಮಾವ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕೆಲಸದಲ್ಲಿ ಮೂವತ್ತು ವರ್ಷ ಬೆಂದವರು. ಆ ತೊಂಬತ್ತು ಮಿಲಿ ಅವರ ಮೈಗೆ ಪಾಳಿ ಮುಗಿಯಿತೆಂದು ತಿಳಿಸುವ ಸೈರನ್ ಇದ್ದ ಹಾಗೆ. ನಿವೃತ್ತಿಯಾದರೂ ಮೈ ಆ ಸೈರನ್ನಿಗೆ ಕಾಯುತ್ತಿತ್ತು.

ನನಗೆ ಆದ ಸಂತೋಷ ಹೇಳತೀರದು. ಅವರಿಗೆ ಬೇಕಾದದ್ದು ನನ್ನ ಷೋಕೇಸಿನಲ್ಲಿ ಧೂಳು ತಿನ್ನುತ್ತಿದೆ! ಸುಮಿತ್ರಾಳಿಗೂ ಒಂದು ಮಾತು ಹೇಳದೆ, ಮುಂದಿನ ಭಾನುವಾರ ಮಾವ ಬಂದಾಗ, ಸಂಜೆ ಐದಕ್ಕೆ ಸರಿಯಾಗಿ, ಒಂದು ಟ್ರೇಯಲ್ಲಿ ವಿಸ್ಕಿ, ನೀರು, ಖಾರದ ಕಡಲೆಬೀಜ ಜೋಡಿಸಿ ಅವರ ಮುಂದಿಟ್ಟೆ. ಬಿರುಕು ಬಿಟ್ಟ ಎರಕವನ್ನು ನೋಡುವ ಹಾಗೆ ಅವರು ಅದನ್ನು ನೋಡಿದರು.

"ಇದೆಲ್ಲ ಯಾರಿಗೆ ಅಳಿಯಂದ್ರೇ?"

"ನಿಮಗೇ ಮಾವ. ನನಗೆಲ್ಲ ಗೊತ್ತು. ಏನೂ ಸಂಕೋಚ ಮಾಡ್ಕೋಬೇಡಿ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮುಖ ಕೆಂಪೇರಿ, ನೋಟ ಕೆಳಗಾಗಿ, "ನಾನು ಅದನ್ನೆಲ್ಲ ಮುಟ್ಟೋನಲ್ಲ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಆಮೇಲೆ ಎರಡು ತಿಂಗಳು ಈ ಕಡೆ ಸುಳಿಯಲಿಲ್ಲ. ಮೊದಲು ಹಗಲಿಗಾದರೂ ಬರುತ್ತಿದ್ದರು, ಈಗ ಅದೂ ತಪ್ಪಿತು.

"ಗೊತ್ತಾದ್ರೂ ಗೊತ್ತಿಲ್ಲದ ಹಾಗೆ ಇರೋಕಾಗ್ಲಿಲ್ವಾ ನಿಮಗೆ?" ಎಂದು ಸುಮಿತ್ರಾ ಕೇಳಿದಳು. "ಅದನ್ನ ಬಾಯಿ ಬಿಟ್ಟು ಹೇಳ್ಬೇಕಿತ್ತಾ? ಅಳಿಯನ ಕೈಯಿಂದ ಅದನ್ನ ತಗೊಳ್ಳೋಕೆ ನಮ್ಮಪ್ಪ ಏನು ಬಿಟ್ಟಿ ಬಿದ್ದಿದ್ದಾರಾ?" ಅವಳು ಅತ್ತಳು. ನನ್ನ ತಪ್ಪಿನಿಂದ ಅವಳು ಅತ್ತದ್ದು ನನಗೆ ಬಹಳ ದಿನ ಚುಚ್ಚುತ್ತಿತ್ತು.

ಕೊನೆಗೆ ಉಪಾಯ ಮಾಡಿದವಳು ಅವಳೇ. ಅಣ್ಣನ ಮನೆಗೆ ಫೋನ್ ಮಾಡಿ, "ಅಪ್ಪಾ, ಷೋಕೇಸಿನ ಕೆಳಗಿನ ಬಾಗಿಲು ಕೂರ್ತಾನೇ ಇಲ್ಲ. ನಿನ್ನ ಅಳಿಯಂಗೆ ಸ್ಕ್ರೂ ತಿರುಗಿಸೋಕೂ ಬರಲ್ಲ. ಶನಿವಾರ ಬಂದು ನೋಡು" ಎಂದಳು. ಬಾಗಿಲು ಚೆನ್ನಾಗಿಯೇ ಕೂರುತ್ತಿತ್ತು. ಅದನ್ನು ಕೆಡಿಸುವ ಹೊಣೆ ನನ್ನ ಪಾಲಿಗೆ ಬಂತು. ಬಡಗಿ ಎಷ್ಟು ಪ್ರಾಮಾಣಿಕ ಎಂಬುದು ಆಗ ತಿಳಿಯಿತು. ಕಾಲು ಗಂಟೆ ಬೆವರಿದ ಮೇಲೆ ಒಂದು ಕೀಲು ಸಡಿಲವಾಯಿತು, ನನ್ನ ಹೆಬ್ಬೆರಳೂ ಜಖಂ ಆಯಿತು.

ಶನಿವಾರ ಮಧ್ಯಾಹ್ನ ಮಾವ ಕ್ಯಾನ್ವಾಸ್ ಚೀಲದಲ್ಲಿ ಸಾಮಾನು ಹಾಕಿಕೊಂಡು ಬಂದರು. ನನ್ನ ಕಡೆ ನೋಡಲಿಲ್ಲ, ನೇರ ಕೀಲಿನ ಕಡೆ ನೋಡಿದರು. ಐದಕ್ಕೆ ಇನ್ನೂ ಕಾಲು ಗಂಟೆ ಇರುವಾಗ ಸುಮಿತ್ರಾ ರೇಷ್ಮೆ ಸೀರೆ ಉಟ್ಟು ಬಂದಳು.

"ಅಪ್ಪಾ, ಇವರ ಪ್ರಿನ್ಸಿಪಾಲರ ಮನೇಲಿ ಪೂಜೆ ಇದೆ. ಬರೋದು ಎಂಟೂವರೆ ಆಗುತ್ತೆ. ಮನೇಲಿ ಯಾರಾದ್ರೂ ಇರ್ಬೇಕು, ಹೊಸ ಮನೆ. ಇರ್ತೀಯಲ್ಲ?"

"ಎಂಟೂವರೇನೇನಾ?" ಎಂದು ಮಾವ ಕೀಲಿನಿಂದ ಕಣ್ಣೆತ್ತದೆ ಕೇಳಿದರು.

"ಅದಕ್ಕಿಂತ ಮುಂಚೆ ಖಂಡಿತ ಬರಲ್ಲ."

ನನಗೆ ಬಾಯಿ ತೆರೆಯದಿರಲು ಆಜ್ಞೆಯಾಗಿತ್ತು. ತೆರೆಯಲಿಲ್ಲ.

ಪೂಜೆ ಎಲ್ಲಿಂದ ಬರಬೇಕು? ಬಡಾವಣೆಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತೆವು. ವಾಕಿಂಗ್ ಬಂದವರೆಲ್ಲ ರೇಷ್ಮೆ ಸೀರೆಯನ್ನೂ ನನ್ನ ಇಸ್ತ್ರಿ ಪಂಚೆಯನ್ನೂ ನೋಡಿ "ಏನು ವಿಶೇಷ?" ಎಂದು ಕೇಳಿದರು. ಪಕ್ಕದ ಗಾಡಿಯಲ್ಲಿ ಮಸಾಲೆಪುರಿ ತಿಂದೆವು. ಇನ್ನೂ ಆರೂವರೆ. ಬೇರೇನೂ ಕೆಲಸವಿಲ್ಲದ್ದರಿಂದ ಗಂಡಹೆಂಡಿರಿಬ್ಬರೂ ಮಾತಾಡಿದೆವು. ಎಷ್ಟೋ ವರ್ಷದಿಂದ ಅಷ್ಟು ಹೊತ್ತು ಆಡಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಕಾರ್ಖಾನೆ ಕ್ವಾರ್ಟರ್ಸಿನ ಹಿತ್ತಿಲಿನಲ್ಲಿ ಸೀಬೆಮರದ ಕೆಳಗೆ ಗೋಡೆಗೆ ಮುಖ ಮಾಡಿ ಸ್ಟೀಲಿನ ಲೋಟ ಹಿಡಿದು ಕೂರುತ್ತಿದ್ದದ್ದನ್ನು ಹೇಳಿದಳು. ಆ ಹೊತ್ತಿನಲ್ಲಿ ಮಕ್ಕಳು ಹಿತ್ತಿಲಿಗೆ ಹೋಗುವಂತಿರಲಿಲ್ಲ. ಇವಳು ಬಚ್ಚಲಿನ ಕಿಟಕಿಯಿಂದ ಇಣುಕುತ್ತಿದ್ದಳಂತೆ.

"ಅವಾಗ ಮಾತ್ರ ಅಪ್ಪ ಹಾಡ್ತಿದ್ರು ಕಣ್ರೀ. ಅಮ್ಮ ಹೋದ್ಮೇಲೆ ನಾನು ಅವರ ಹಾಡು ಕೇಳೇ ಇಲ್ಲ."

ಎಂಟೂವರೆಗೆ ಮನೆ ಹತ್ತಿರ ಬಂದೆವು. ಗೇಟಿಗೆ ಕೈ ಹಾಕಬೇಕು, ಸುಮಿತ್ರಾ ನನ್ನ ತೋಳು ಹಿಡಿದು ನಿಲ್ಲಿಸಿದಳು. ಒಳಗಿನಿಂದ ಸಣ್ಣಗೆ, ಅಷ್ಟೇನೂ ಶ್ರುತಿಗೆ ಕೂರದ ಗಂಟಲಿನಲ್ಲಿ, ಯಾವುದೋ ಹಳೆಯ ಹಾಡು ಬರುತ್ತಿತ್ತು. ನಮ್ಮ ಸ್ವಂತ ಮನೆಯ ಹೊರಗೆ, ಕಳ್ಳರ ಹಾಗೆ, ಕಾಂಪೌಂಡಿಗೆ ಒರಗಿ ನಿಂತೆವು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಾಡು ಪೂರ್ತಿ ಮುಗಿದ ಮೇಲೆ ನಾನು ಗೇಟಿನ ಚಿಲಕವನ್ನು ಅಗತ್ಯಕ್ಕಿಂತ ಮೂರು ಪಟ್ಟು ಜೋರಾಗಿ ಬಡಿದೆ. ಒಳಗೆ ನಲ್ಲಿಯ ಸದ್ದು, ಲೋಟ ಬೋರಲು ಹಾಕಿದ ಸದ್ದು ಕೇಳಿಸಿತು. ಇನ್ನೂ ಒಂದು ನಿಮಿಷ ಚಿಲಕದ ಜೊತೆ ಗುದ್ದಾಡಿದೆ.

ಮಾವ ಎಲೆಅಡಿಕೆ ಅಗಿಯುತ್ತ ಕೂತಿದ್ದರು. ಕೀಲು ಹೊಸದರ ಹಾಗೆ ಕೂತಿತ್ತು. ಪೆನ್ಸಿಲ್ ಗೆರೆ ನೋಡಲು ನನ್ನ ಕೈ ಖಾನೆಯ ಕಡೆ ಹೋಯಿತು. ಸುಮಿತ್ರಾ ನೋಡಿದ ನೋಟಕ್ಕೆ ಹಾಗೇ ವಾಪಸ್ಸು ಬಂತು. ಇವತ್ತಿಗೂ ನಾನು ನೋಡಿಲ್ಲ.

"ಪೂಜೆ ಚೆನ್ನಾಗಾಯ್ತಾ?" ಎಂದು ಮಾವ ಕೇಳಿದರು.

"ಬಹಳ ಚೆನ್ನಾಗಾಯ್ತು" ಎಂದೆ. ಅದು ಸುಳ್ಳಾಗಿರಲಿಲ್ಲ. ಉಪಚಾರದ ಪಟ್ಟಿಯಲ್ಲಿ ಬಿಟ್ಟುಹೋಗಿದ್ದು ಏನೆಂದು ಆಗ ಹೊಳೆದಿತ್ತು.

"ಊಟಕ್ಕೆ ಹಾಕಮ್ಮ" ಎಂದರು. ಬಸ್ಸಿನ ಮಾತೆತ್ತಲಿಲ್ಲ. ಸುಮಿತ್ರಾ ಬೀರುವಿನಲ್ಲಿ ಒಂಬತ್ತು ವರ್ಷದಿಂದ ಮಡಿಸಿಟ್ಟಿದ್ದ ಹೊಸ ಹೊದಿಕೆ ತೆಗೆದಳು.

ಬೆಳಿಗ್ಗೆ ತಿಂಡಿ ತಿಂದು ಹೊರಟವರು ಬಾಗಿಲಲ್ಲಿ ಚಪ್ಪಲಿಯ ಉಂಗುಷ್ಠಕ್ಕೆ ಬೆರಳು ತೂರಿಸುತ್ತ ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ನೆಲ ನೋಡಿಕೊಂಡೇ ಕೇಳಿದರು:

"ಮುಂದಿನ ಶನಿವಾರಾನೂ ನೀವು ಎಲ್ಲಾದ್ರೂ ಹೋಗೋದಿದ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಸುಮಿತ್ರಾ ಹೇಳಿದಳು: "ಇನ್ಮೇಲೆ ಪ್ರತಿ ಶನಿವಾರಾನೂ ಪೂಜೆ ಇದೆ ಅಪ್ಪಾ."