ಆರನೇ ಟರ್ಮಿನಲ್ಲಿಗೆ ಜಾಗ

ತೊಂಬತ್ತರ ದಶಕದ ಕೊನೆಯಲ್ಲಿ ಕಲ್ಯಾಣದುರ್ಗದ ಒಂದು ಕಡಲೆಕಾಯಿ ಮಿಲ್ಲಿನಲ್ಲಿ ಒಂದೇ ಕಂಪ್ಯೂಟರಿಗೆ ಐದು ಟರ್ಮಿನಲ್ ಕಟ್ಟಿದ್ದೆವು. ಟರ್ಮಿನಲ್ಲಿನಲ್ಲಿ ಇದ್ದದ್ದು ಪರದೆ ಮತ್ತು ಕೀಲಿಮಣೆ ಮಾತ್ರ. ಕೆಲಸವೆಲ್ಲ ಒಳಕೋಣೆಯ ಯಂತ್ರದ್ದು. ನಾನೂ ನನ್ನ ಪಾಲುದಾರರೂ ಹಿಂದೂಪುರದ ಒಂದು ಮಾಳಿಗೆ ಕೋಣೆಯಲ್ಲಿ ಕೂತು ಇಂಥ ಕೆಲಸ ಮಾಡುತ್ತಿದ್ದೆವು. ನನಗಿಂತ ಹಿರಿಯರಾದ್ದರಿಂದ ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರದು ನೇಯ್ಗೆಯವರ ಮನೆ. ಟರ್ಮಿನಲ್ಲಿನಿಂದ ಬರುವ ಅಕ್ಷರಗಳನ್ನು ಒಂದು ಸಾಲಾಗಿ ಕೂಡಿಸಿ ಕೊಡುವ ಡ್ರೈವರ್ ಎಂಬ ತಂತ್ರಾಂಶ ಅವರೇ ಬರೆದದ್ದು. ಪೆನುಕೊಂಡದಲ್ಲೂ ಗೋರಂಟ್ಲದಲ್ಲೂ ಅದೇ ಓಡುತ್ತಿತ್ತು. ಅವರ ಹೆಸರು ನಿಂತದ್ದೇ ಅದರಿಂದ.

ಮಿಲ್ಲಿನಲ್ಲಿ ತೂಕದ ಚೀಟಿಯನ್ನು ಕೈಯಲ್ಲಿ ಬರೆಯುತ್ತಿದ್ದವರು ಆರು ಜನ. ಕೈಬರಹ ನಿಂತಿತು. ಐದು ಜನರಿಗೆ ಟರ್ಮಿನಲ್ ಸಿಕ್ಕಿತು. ಎಲ್ಲರಿಗಿಂತ ಕೊನೆಗೆ ಕೆಲಸಕ್ಕೆ ಸೇರಿದ್ದ ಹೆಂಗಸಿಗೆ ಇಲ್ಲ. ಆರನೆಯದನ್ನು ಹಚ್ಚಿದರೆ ಮೆಮೊರಿ ಸಾಲದು ಎಂಬ ಸಾಲು ಬಂದು ಪರದೆ ನಿಂತುಬಿಡುತ್ತಿತ್ತು. ಆ ಯಂತ್ರಕ್ಕೆ ಇನ್ನಷ್ಟು ಮೆಮೊರಿ ಕೂಡಿಸಲು ಜಾಗವಿರಲಿಲ್ಲ.

“ಇದು ತೆರ್ಕೊಂಡ್ರೆ ನೀನಿರಮ್ಮ. ಇಲ್ದಿದ್ರೆ ನಾನೇನ್ ಮಾಡ್ಲಿ?” ಎಂದ ಮ್ಯಾನೇಜರು.

“ತೆರೀತದೆ ಬಿಡಣ್ಣ,” ಎಂದಳು ಆಕೆ. ಹೇಳಿ ನಮ್ಮಿಬ್ಬರ ಕಡೆ ನೋಡಿದಳು.

ಹಿಂದೂಪುರಕ್ಕೆ ಬಂದು ಕರ್ನೆಲ್ ಬಿಚ್ಚಿದೆವು. ಯಂತ್ರ ಹಚ್ಚಿದಾಗ ಮೊದಲು ಮೆಮೊರಿಗೆ ಬಂದು, ಆರಿಸುವವರೆಗೂ ಅಲ್ಲೇ ಇರುವ ತಂತ್ರಾಂಶ ಅದು. ಯಾರು ಕೇಳಿದರೂ ಮೆಮೊರಿಯನ್ನು ತುಂಡು ಮಾಡಿ ಹಂಚುವುದು ಅದರ ಕೆಲಸ. ನಮ್ಮಲ್ಲಿದ್ದ ಕರ್ನೆಲ್ಲಿನ ಹತ್ತಿರ ಕೆಲವೇ ಅಳತೆಯ ತುಂಡುಗಳಿದ್ದವು. ಒಂದು ಅಳತೆಗಿಂತ ಸ್ವಲ್ಪ ಹೆಚ್ಚು ಕೇಳಿದರೂ ಅದರ ಎರಡರಷ್ಟನ್ನು ಕೊಡುತ್ತಿತ್ತು. ಜೊತೆಗೆ ಪ್ರತಿ ತುಂಡಿನ ತಲೆಯ ಮೇಲೂ ಅದರ ಲೆಕ್ಕ ಬರೆದಿಡಲು ಇನ್ನಷ್ಟು ಜಾಗ. ಹೀಗೆ ಒಂದೊಂದು ಪುಟದಲ್ಲೂ, ಅಂದರೆ ಕರ್ನೆಲ್ ತುಂಡು ಮಾಡಲು ಒಮ್ಮೆಗೆ ತೆಗೆದುಕೊಳ್ಳುವ ಮೆಮೊರಿಯ ಪಾಲಿನಲ್ಲೂ, ಯಾರಿಗೂ ಸಲ್ಲದ ಜಾಗ ಉಳಿಯುತ್ತಿತ್ತು. ನಾವು ಒಂದೊಂದು ಬಗೆಯ ವಸ್ತುವಿಗೆ ಒಂದೊಂದು ಪುಟ ತೆಗೆದಿಟ್ಟು, ಅದನ್ನು ಸರಿಯಾಗಿ ಬೇಕಾದ ಅಳತೆಗೇ ಕತ್ತರಿಸಿದೆವು. ಲೆಕ್ಕವನ್ನು ಪುಟಕ್ಕೊಂದೇ ಕಡೆ ಇಟ್ಟೆವು. ತುಂಡುಗಳು ಒಂದಕ್ಕೊಂದು ತಗುಲಿಕೊಂಡು ಕೂತವು. ಕೋಣೆಯಲ್ಲಿ ಪರೀಕ್ಷೆಗೆಂದು ಚಿಕ್ಕ ಚಿಕ್ಕ ಹೆಸರುಗಳನ್ನು ಹೊಡೆದು ನೋಡಿದೆವು. ಎಲ್ಲ ಸರಿಯಾಗಿತ್ತು.

ಕಲ್ಯಾಣದುರ್ಗದಲ್ಲಿ ಈ ಹೊಸ ಕರ್ನೆಲ್ ಹಾಕಿದೆವು. ಆರನೆಯ ಪರದೆ ತೆರೆದುಕೊಂಡಾಗ ಆಕೆ ಸೆರಗಿನಿಂದ ಕೀಲಿಮಣೆ ಒರೆಸಿ ಕೂತಳು. ಅಂಗಳದ ತುಂಬ ಗಾಡಿಗಳಿದ್ದವು. ರೈತರು ಮನೆತನದ ಹೆಸರು, ಅಪ್ಪನ ಹೆಸರು, ತಮ್ಮ ಹೆಸರು, ಊರು ಎಲ್ಲ ಹೇಳಿಯೇ ಬರೆಸುವವರು. ಒಂದನ್ನು ಬಿಟ್ಟರೂ ಚೀಟಿ ತಮ್ಮದಲ್ಲ ಎನ್ನುವವರು. ಸಾಲಿನಲ್ಲಿ ಅಕ್ಷರಕ್ಕೊಂದು ಮನೆ; ಕೊನೆಯ ಮನೆಯವರೆಗೂ ತುಂಬುತ್ತಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದ ಟರ್ಮಿನಲ್ಲಿನಿಂದ ಚೀಟಿ ಪಡೆದ ಒಬ್ಬ ಮುದುಕ ಅದನ್ನು ಎತ್ತಿ ಹಿಡಿದ.

“ತೂಕ ಐತೆ, ಹೆಸ್ರೇ ಇಲ್ವಲ್ಲಪ್ಪಾ. ಕಾಯಿ ಯಾರ್ದು, ಗಾಳೀದಾ?”

ಜನ ನಕ್ಕರು. ಇನ್ನೊಂದು ಚೀಟಿ ಬಂತು. ಅದರಲ್ಲೂ ಹೆಸರಿನ ಜಾಗ ಖಾಲಿ. ಹಮಾಲಿಯೊಬ್ಬ ಆರನೆಯ ಟರ್ಮಿನಲ್ ಕಡೆ ಗದ್ದ ಎತ್ತಿ ತೋರಿಸಿ, “ಕೊತ್ತ ಕೋಡಲು ಕಾಲ್ಗುಣ ಕಣ್ರಪ್ಪೋ” ಎಂದ. ಹೊಸ ಸೊಸೆ ಎನ್ನಲು ಅಲ್ಲಿಯವರ ಬಾಯಿಗೆ ತೆಲುಗೇ ಮೊದಲು ಬರುತ್ತದೆ. ಆಕೆ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಹಳೇದೇ ಹಾಕ್ಬುಡಿ ಸಾರ್. ಐದೇ ಸಾಕು,” ಎಂದ ಮ್ಯಾನೇಜರು.

ಅಣ್ಣ ಖಾಲಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ಒಳಕೋಣೆಗೆ ಕರೆದು ತಮ್ಮ ಡ್ರೈವರಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ಅವರು ಕೇಳುತ್ತಿದ್ದದ್ದು ಒಂದು ತುಂಬಿದ ಸಾಲಿನ ಅಕ್ಷರಗಳಿಗೆ ಬೇಕಾದಷ್ಟೇ ಜಾಗ. ಸಾಲು ಮುಗಿಯಿತು ಎಂದು ತಿಳಿಸುವ ಸೊನ್ನೆ, ಹೆಸರು ಚಿಕ್ಕದಾದರೆ ಅದರೊಳಗೇ ಬೀಳುತ್ತಿತ್ತು; ಸಾಲು ತುಂಬಿದರೆ ಅದರಾಚೆಯ ಮನೆಗೆ ಹೋಗುತ್ತಿತ್ತು. ಹಳೆಯ ಕರ್ನೆಲ್ ಯಾವಾಗಲೂ ಹೆಚ್ಚೇ ಕೊಡುತ್ತಿದ್ದುದರಿಂದ ಆ ಮನೆ ಖಾಲಿಯಿರುತ್ತಿತ್ತು. ಈಗ ಅಲ್ಲಿ ಪಕ್ಕದವನ ಸಾಲು ಶುರುವಾಗುತ್ತಿತ್ತು. ಮೊದಲ ಅಕ್ಷರದ ಜಾಗದಲ್ಲೇ ಸೊನ್ನೆ ಬಿದ್ದರೆ ಆ ಹೆಸರು ಇಲ್ಲದಂತೆಯೇ.

“ಗೊತ್ತಿತ್ತಾ ಅಣ್ಣಾ?”

“ಗೊತ್ತಿತ್ತು ಕಣ್ಲಾ. ಸಂತೇಲಿ ಅಳ್ದ ಮ್ಯಾಲೆ ಒಂದ್ ಹಿಡಿ ಕೊಸರು ಹಾಕ್ದೆ ಯಾರ್ ಕಳಿಸ್ತಾರೆ? ಇದೂ ಹಾಕ್ತದೆ ಅನ್ಕೊಂಡು ಬರ್ದೆ.”

ಹಳೆಯ ಕರ್ನೆಲ್ಲನ್ನು ಮತ್ತೆ ಹಾಕಿಬಿಟ್ಟಿದ್ದರೆ ಈ ಮಾತು ನಮ್ಮಿಬ್ಬರಲ್ಲೇ ಉಳಿಯುತ್ತಿತ್ತು. ಪೆನುಕೊಂಡದವರಿಗಾಗಲಿ ಗೋರಂಟ್ಲದವರಿಗಾಗಲಿ ತಿಳಿಯುತ್ತಿರಲಿಲ್ಲ. ಅಣ್ಣ ಹೊರಗೆ ಬಂದು, ಹಮಾಲಿಗಳೂ ರೈತರೂ ಕೇಳುವಂತೆಯೇ ಮ್ಯಾನೇಜರಿಗೆ ಹೇಳಿದರು:

“ಆಯಮ್ಮಂದೇನಿಲ್ಲ. ಹೊಸ ಕರ್ನೆಲ್ಲಿಂದೂ ಅಲ್ಲ. ನಾನ್ ಬರ್ದಿರೋದ್ರಲ್ಲೇ ತಪ್ಪೈತೆ. ಊಟದ ಹೊತ್ತಿನ ತನ್ಕ ಬಿಡಿ.”

“ಇಷ್ಟ್ ವರ್ಷದಿಂದ ನಡೀತಿತ್ತಲ್ಲ ಸಾರ್, ನಿಮ್ದು?”

“ನಡೀತಿತ್ತು,” ಎಂದರು ಅಣ್ಣ. ಒಳಕೋಣೆಗೆ ಹೋದರು.

ತಿದ್ದಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ಒಂದು ಮನೆ ಹೆಚ್ಚು ಕೇಳಿದರೆ ಪ್ರತಿ ತುಂಡೂ ಬೆಳೆಯುತ್ತದೆ, ಪುಟದಲ್ಲಿ ಹಿಡಿಸುವ ತುಂಡುಗಳು ಕಡಿಮೆಯಾಗುತ್ತವೆ. ಆರನೆಯದಕ್ಕೆ ಉಳಿಯುವುದೋ ಇಲ್ಲವೋ, ಕಾಗದದ ಮೇಲೆ ಗುಣಿಸಿದರೂ ನನಗೆ ಧೈರ್ಯ ಬರಲಿಲ್ಲ. ಯಂತ್ರವನ್ನು ಆರಿಸಿ ಹಚ್ಚಿದೆವು. ಐದು ಪರದೆಗಳು ಒಂದರ ಹಿಂದೊಂದು ತೆರೆದವು. ಆರನೆಯದು ಕಪ್ಪಾಗಿಯೇ ಇತ್ತು. ಆಕೆ ಕುರ್ಚಿಯ ಹಿಂದೆ ನಿಂತಿದ್ದಳು, ಕೂತಿರಲಿಲ್ಲ. ಆಮೇಲೆ ಹೆಸರು ಕೇಳುವ ಸಾಲು ಮೂಡಿತು.

ಮ್ಯಾನೇಜರು ಮುದುಕನನ್ನೇ ಆಕೆಯ ಮುಂದೆ ನಿಲ್ಲಿಸಿದ. ಆತ ತನ್ನ ತಾತನ ಹೆಸರನ್ನೂ ಸೇರಿಸಿ ಬರೆಸಿದ. ಸಾಲು ತುಂಬಿತು. ಮಿಕ್ಕ ಐದು ಕಡೆಯೂ ಹೊಡೆಯುತ್ತಲೇ ಇದ್ದರು. ಚೀಟಿಗಳು ಬಂದವು. ಆರರಲ್ಲೂ ಹೆಸರಿತ್ತು. ಮುದುಕ ಓದಿಸಿಕೊಂಡು, ಇನ್ನೊಮ್ಮೆ ಓದಿಸಿಕೊಂಡು, ಚೀಟಿಯನ್ನು ಪೇಟದೊಳಗೆ ಸಿಕ್ಕಿಸಿದ.

ಅಣ್ಣ ಆಗಲೇ ಗೇಟಿನ ಹತ್ತಿರ ಹೋಗಿ ಬಸ್ಸಿನ ದಾರಿ ನೋಡುತ್ತಿದ್ದರು. ಮ್ಯಾನೇಜರು ಅವರನ್ನು ಹೊರಟಿರಾ ಎಂದು ಕೇಳಲಿಲ್ಲ, ಮತ್ತೆ ಬನ್ನಿ ಎಂದೂ ಹೇಳಲಿಲ್ಲ. ತಕ್ಕಡಿಯ ಕಡೆ ಹೊರಟವನು ತಿರುಗಿ ಆಕೆಯನ್ನು ಕೇಳಿದ:

“ನಾಳೆ ಬೇಗ ಬತ್ತೀಯೇನಮ್ಮ? ರೊದ್ದಂ ಕಡೆಯಿಂದ ಲಾರಿ ಐತೆ.”

“ಬತ್ತೀನಣ್ಣ,” ಎಂದಳು. ಮುಂದಿನವನ ಮನೆತನದ ಹೆಸರು ಕೇಳಿದಳು.