ಕೆಮ್ಮಣ್ಣು ಬಳಿದ ಬಟ್ಟೆ

ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ಹೊಸಪೇಟೆಯಲ್ಲಿ ಬಿಡಾರ ಹೂಡಿದ್ದ ನಮ್ಮ ನಾಟಕ ಕಂಪನಿಯ ಪರದೆಗಳೆಲ್ಲ, ಕಾಡು, ಬೀದಿ, ದರ್ಬಾರು, ಎಲ್ಲವೂ ನನ್ನ ಕೈಯವೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದುಡಿದು ಕಲಿತದ್ದು.

ಆ ವರ್ಷ ಮಾಲೀಕರು ಹಂಪಿ ಹಾಳಾದ ಕಥೆಯನ್ನು ಆಡಬೇಕೆಂದರು. ಆಡಿಸುವ ಕೆಲಸ ನನಗೇ ಕೊಡಿರೆಂದು ಹಟ ಹಿಡಿದೆ. ಪರದೆ ಬರೆಯುವವನು ನಟರಿಗೆ ಪಾಠ ಹೇಳಿದ್ದು ಆ ಕಾಲಕ್ಕೆ ಎಲ್ಲಿಯೂ ಇರಲಿಲ್ಲ.

"ಕಂಪ್ಲಿಯಾಗ ಒಂದ್ ಆಟ ಆಡ್ಸಿ ತೋರ್ಸು," ಎಂದರು ಮಾಲೀಕರು. "ಕೆಟ್ರ ಮತ್ತ ಈ ಮಾತು ಎತ್ತಬ್ಯಾಡ."

ಅರಮನೆಯ ಗುರುತು ಹಾಕಿಕೊಳ್ಳಲು ಹಂಪಿಗೆ ಹೋದೆ. ಅಲ್ಲಿ ಅರಮನೆ ಎಲ್ಲಿದೆ? ಕಲ್ಲಿನ ಜಗಲಿ ಇತ್ತು, ಅದರ ಮೇಲೆ ಬಿಸಿಲು. ಒಬ್ಬ ಹೆಂಗಸು ಸಗಣಿಯ ಕುಳ್ಳು ಒಣಹಾಕುತ್ತಿದ್ದಳು. ಅವಳು ಸೊಂಟ ನೆಟ್ಟಗೆ ಮಾಡಿ ನಿಂತಾಗ ಆ ಬಯಲೆಲ್ಲ ಅವಳದೇ ಅನ್ನಿಸಿತು. ಈ ಅರಮನೆಯನ್ನು ಪರದೆಯ ಮೇಲೆ ಬರೆಯಬಾರದು, ಖಾಲಿ ಬಿಡಬೇಕು ಎಂದುಕೊಂಡೆ. ಸಂಡೂರಿನ ಕೆಮ್ಮಣ್ಣನ್ನು ಅಂಟಿನಲ್ಲಿ ಕಲಸಿ ದೊಡ್ಡ ಬಟ್ಟೆಯೊಂದಕ್ಕೆ ಬಳಿದೆ. ಗೆರೆಯಿಲ್ಲ, ಚಿತ್ರವಿಲ್ಲ.

ತಾಲೀಮು ಸುಲಭವಾಗಲಿಲ್ಲ. ನಮ್ಮ ನಟರು ಪರದೆಯ ಮೇಲಿನ ಕಂಬಗಳನ್ನು ನೋಡಿ ನಿಲ್ಲುವ ಜಾಗ ಕಲಿತವರು. ಕಂಬವಿಲ್ಲದ ಮೇಲೆ ಎಲ್ಲರೂ ಹಾರ್ಮೋನಿಯಂ ಕಡೆಗೇ ಜರುಗಿ ಗುಂಪಾದರು. ರಾಜನ ಪಾತ್ರದ ಹಿರಿಯರಂತೂ ಅದನ್ನು ನುಡಿಸುವ ಪೆಟ್ಟಿಗೆ ಮಾಸ್ತರರಿಗೆ ಆತುಕೊಂಡೇ ನಿಂತರು.

"ಮಾವಾರ, ಮಾಸ್ತರ ತೊಡಿ ಮ್ಯಾಲ ಕುಂದ್ರ್ತೀರೇನ್ರಿ?" ಎಂದಳು ರಾಣಿಯ ಪಾತ್ರದ ಹೆಣ್ಣುಮಗಳು.

"ಸಿಂಹಾಸನ ತೋರ್ಸವ್ವಾ, ಅಲ್ಲೇ ಕುಂದರ್ತೀನಿ!"

ಅವಳೊಬ್ಬಳಿಗೆ ನನ್ನ ಮಾತು ಹಿಡಿಸಿತ್ತು. ಆ ಕೆಂಪಿನ ಮುಂದೆ ಎಲ್ಲಿ ನಿಂತರೂ ಅದೇ ನಡುಮನೆ ಅನ್ನುವ ಹಾಗೆ ನಿಲ್ಲುತ್ತಿದ್ದಳು.

ಕಂಪ್ಲಿಯಲ್ಲಿ ಚಪ್ಪರ ತುಂಬಿತ್ತು. ಕಡೆಯ ಅಂಕದಲ್ಲಿ ಆ ಕೆಂಪು ಬಟ್ಟೆಯ ಮುಂದೆ ರಾಣಿ ಒಬ್ಬಳೇ ಬಂದಳು. ಮುಂದೆ ಕೂತವರು ಮಾತು ನಿಲ್ಲಿಸಿದರು. ಅಷ್ಟರಲ್ಲಿ ಹಿಂದಿನಿಂದ ಕೂಗು ಬಂತು:

"ಲೇ, ಪರದಿ ಬಿಡ್ರಲೇ! ಜಮಖಾನಿ ಕಟ್ಟಿ ಆಟ ಅಂತಾರ!"

"ಅರಮನಿ ನೋಡಾಕ ಬಂದೀವ್ರಿ!"

ಮಾಲೀಕರು ಹಗ್ಗದವನಿಗೆ ಸನ್ನೆ ಮಾಡಿದರು. ನಾನು ಓಡಿಹೋಗಿ ಹಗ್ಗಕ್ಕೆ ಕೈ ಹಾಕಿದೆ. "ಬ್ಯಾಡ್ರಿ ಯಜಮಾನ್ರ, ಇನ್ನೊಂದ್ ಮಾತೈತಿ!"

"ಸುಮ್ಕಿರೋ, ಚಪ್ರ ಕಿತ್ತಾರು!" ಎಂದು ಅವರು ನನ್ನ ಕೈ ಬಿಡಿಸಿದರು.

"ನಮ್ಮ ಮನೆ ಸುಟ್ಟು ಬೂದಿಯಾಯಿತು," ಎಂದು ರಾಣಿ ಹೇಳುತ್ತಿದ್ದಂತೆ ಅವಳ ಬೆನ್ನ ಹಿಂದೆ ನನ್ನ ಹಳೆಯ ದರ್ಬಾರು ಪರದೆ ಸರಸರನೆ ಇಳಿಯಿತು, ಚಿನ್ನದ ಕಂಬಗಳು, ಗಿಳಿಬಾಗಿಲು ಸಮೇತ. ಚಪ್ಪಾಳೆ, ಸಿಳ್ಳು. "ವನ್ಸ್ ಮೋರ್!" ಹಾಡಿಗಲ್ಲ, ಪರದೆಗೆ. ಮಾಲೀಕರು ಅದನ್ನು ಸುತ್ತಿಸಿ ಮತ್ತೊಮ್ಮೆ ಇಳಿಸಿದರು. ಅಷ್ಟು ಹೊತ್ತೂ ಅವಳು ಆ ಮಾತಿಗೆಂದು ಚಾಚಿದ ಕೈ ಹಾಗೇ ಹಿಡಿದು ನಿಂತಿದ್ದಳು.

ಆಟ ಮುಗಿದ ಮೇಲೆ ಮಾಲೀಕರು ನನ್ನ ಬೆನ್ನು ತಟ್ಟಿದರು. "ನಿನ್ನ ಕೈಗೇ ವನ್ಸ್ ಮೋರ್ ಬಿತ್ತು ನೋಡು! ಸಂಡೂರಾಗೂ ಹಿಂಗ ಆಡ್ಸೂನು. ಆಡಿಸಿದಾವ ನೀನಂತ ಡಂಗುರ ಹೊಡಸ್ತೀನಿ."

ಅವಳು ಮುಖದ ಬಣ್ಣ ಒರೆಸುತ್ತ ನನ್ನ ಕಡೆಗೇ ನೋಡಿದಳು. "ನಾ ಸುಟ್ಟೈತಿ ಅಂತೀನಿ, ಮಂದಿ ನಿಂತೈತಿ ಅಂತ ಕುಣೀತಾರ. ಅಲ್ಲೂ ನಾ ಹಿಂಗ ನಿಂದರಬೇಕೇನ್ರಿ ಅಣ್ಣಾರ?"

"ಬರೇ ಬಟ್ಟಿ ಮುಂದ ಆಡ್ಸೋದಿದ್ರ ಆಡ್ಸ್ರಿ," ಎಂದೆ ಮಾಲೀಕರಿಗೆ. "ಇಲ್ಲಾಂದ್ರ ಅದು ನನ್ನ ನಾಟಕ ಅಲ್ಲ."

"ಅಲ್ಲಾದ್ರ ಅಲ್ಲ ಬಿಡು," ಎಂದು ನಕ್ಕರು. "ಆಟ ನಿಲ್ಲತದೇನು?"

ನಿಲ್ಲಲಿಲ್ಲ. ಸಂಡೂರಿನಲ್ಲಿ ರಾಜನ ಪಾತ್ರದ ಹಿರಿಯರೇ ಆಡಿಸಿದರು. ಅರಮನೆ ಕಣ್ಣೆದುರಿಗಿರುವಾಗ ಸುಟ್ಟಿತೆಂದರೆ ಜನ ನಗುತ್ತಾರೆಂದು ರಾಣಿಯ ಆ ಮಾತನ್ನೇ ಕಿತ್ತುಹಾಕಿದ್ದರು. ನಾನು ಚಪ್ಪರದ ಹಿಂದಿನ ಗೂಟದ ಹತ್ತಿರ ನಿಂತು ನೋಡಿದೆ. ಅವಳು ಆ ಮಾತು ಬರುವ ಜಾಗಕ್ಕೆ ಬಂದಳು, ಬಾಯಿ ತೆರೆದಳು, ಮುಚ್ಚಿದಳು, ಮುಂದಿನ ಪದ್ಯ ಎತ್ತಿಕೊಂಡಳು.