ಬ್ಯಾರನ್ ಮುಂದೆ ಮಾಡಿದ ಪಾಠ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈ ಮಾತನ್ನು ನಮ್ಮತ್ತೆ ಹೇಳುತ್ತಿದ್ದರು, ನಮ್ಮ ಹೆಡ್‌ಮಾಸ್ಟರು ಹೇಳುತ್ತಿದ್ದರು, ಹುಣಸೂರಿನಿಂದ ದಿನಾ ನಾನು ಹತ್ತುತ್ತಿದ್ದ ಬಸ್ಸಿನ ಕಂಡಕ್ಟರು ಕೂಡ ಒಂದು ಸಲ ಹೇಳಿ ಬೈಸಿಕೊಂಡಿದ್ದ. ಇರಲಿ, ನಾನು ಒಪ್ಪುತ್ತೇನೆ. ಆದರೆ ಆ ಹುಡುಗಿಯ ವಿಷಯದಲ್ಲಿ ನನ್ನನ್ನು ಕೆಡಿಸಿದ್ದು ಸಿಟ್ಟಲ್ಲ, ಜಂಬ. ಅದನ್ನು ಯಾರೂ ಹೇಳಲಿಲ್ಲ, ನಾನೇ ಹೇಳಬೇಕು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಪಿರಿಯಾಪಟ್ಟಣದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ಎರಡು ಮೈಲಿ ನಡೆದರೆ ನಮ್ಮ ಶಾಲೆ. ಆರು ಮತ್ತು ಏಳನೇ ತರಗತಿಗೆ ನಾನು ವಿಜ್ಞಾನ ಹೇಳಿಕೊಡುತ್ತಿದ್ದೆ. ಏಳನೆಯದಕ್ಕೆ ಆಗ ಪಬ್ಲಿಕ್ ಪರೀಕ್ಷೆ. ಅದು ಪಾಸಾದರೆ ಹೈಸ್ಕೂಲು, ಇಲ್ಲದಿದ್ದರೆ ಹೊಲ. ಹೆಣ್ಣುಮಕ್ಕಳಿಗಂತೂ ಎರಡನೇ ಅವಕಾಶ ಅಂತ ಒಂದಿರುತ್ತಿರಲಿಲ್ಲ.

ಈ ಹುಡುಗಿ ಏಳನೇ ತರಗತಿಯಲ್ಲಿ ಎರಡನೇ ಸಾಲಿನ ತುದಿಗೆ ಕೂರುತ್ತಿದ್ದಳು. ಮಾತು ಕಡಿಮೆ. ಒಂದು ದಿನ ಮಾತ್ರ, ನಾನು ಬಸ್ಸಿಗೆ ಹೊರಟಿದ್ದಾಗ ರಸ್ತೆಯ ತನಕ ಹಿಂದೆಯೇ ಬಂದು ಕೇಳಿದ್ದಳು: “ಮಿಸ್, ಐಸ್ಕೂಲಲ್ಲಿ ವಿಜ್ಞಾನಕ್ಕೆ ಅಂತ್ಲೇ ಬೇರೆ ರೂಮಿರ್ತದಂತೆ, ಔದಾ? ಅಲ್ಲಿ ನಾವೇ ಮುಟ್ಟಿ ನೋಡ್ಬೋದಾ?” ಹೌದು ಕಣೇ, ನೀನೇ ಮುಟ್ಟಬಹುದು ಎಂದೆ. ಅವಳು ನಗಲೂ ಇಲ್ಲ, ತಲೆಯಾಡಿಸಿ ಹಿಂತಿರುಗಿದಳು. ಇವಳನ್ನು ಆ ರೂಮಿನವರೆಗೆ ಮುಟ್ಟಿಸಿಯೇ ಸೈ ಎಂದು ಆ ದಿನ ಬಸ್ಸಿನಲ್ಲಿ ಕೂತು ಅಂದುಕೊಂಡೆ.

ನಮ್ಮ ಶಾಲೆಯಲ್ಲಿ ಮುಟ್ಟುವುದೇನು ಬಂತು! ಇದ್ದದ್ದು ಒಂದು ಥರ್ಮಾಮೀಟರು. ಅದು ಹತ್ತಿಯಲ್ಲಿ ಸುತ್ತಿಸಿಕೊಂಡು ಬೀರುವಿನಲ್ಲಿ ಮಲಗಿತ್ತು, ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ. ಉಷ್ಣತೆಯ ಪಾಠಕ್ಕೆ ಬೇಕು ಸಾರ್ ಎಂದರೆ, “ರೀ ಮೇಡಂ, ಅದು ಗಾಜು. ಒಡೆದ್ರೆ ಯಾರ‍್ರೀ ಉತ್ತರ ಕೊಡೋದು? ಚಾರ್ಟಿದೆಯಲ್ಲ, ಚಾರ್ಟ್ ಹಾಕಿ ಮುಗಿಸಿ” ಎಂದರು. ಚಾರ್ಟಿನ ಅರ್ಧ ಗೆದ್ದಲು ತಿಂದಿತ್ತು. ಅದನ್ನೇ ಮೊಳೆಗೆ ನೇತುಹಾಕಿ ಮೂರು ದಿನ ಒದರಿದೆ. ಮಕ್ಕಳು ವ್ಯಾಖ್ಯೆಯನ್ನು ರಾಗವಾಗಿ ಒಪ್ಪಿಸಿದರು. ನಾಲ್ಕನೇ ದಿನ ಹಲಗೆಯ ಮೇಲೆ ಕೊಳವೆ ಬರೆದು, ಪಾದರಸ ಇಲ್ಲಿಗೆ ಬಂದರೆ ಎಷ್ಟು ಎಂದು ಕೇಳಿದರೆ ಒಬ್ಬ ನಲವತ್ತು ಅಂದ, ಇನ್ನೊಬ್ಬ ನಾಲ್ಕು ನೂರು ಅಂದ. ಸೀಮೆಸುಣ್ಣವನ್ನು ಕಿಟಕಿಯಾಚೆಗೆ ಎಸೆದೆ.

ಎಸೆದ ಕಡೆ ನೋಡಿದರೆ ಎದುರಿಗೇ ಹೊಗೆಸೊಪ್ಪನ್ನು ಶಾಖ ಕೊಟ್ಟು ಬೇಯಿಸಿ ಒಣಗಿಸುವ ಗೂಡು, ನಮ್ಮ ಕಡೆಯ ಬ್ಯಾರನ್ನು, ಚಿಮಣಿಯಿಂದ ಹೊಗೆ ಏಳುತ್ತಿತ್ತು. ಅಯ್ಯೋ ನನ್ನ ಬುದ್ಧಿಗಿಷ್ಟು! ಬೇಸಿಗೆಯ ತರಬೇತಿಯಲ್ಲಿ ಹತ್ತು ದಿನ ಇದನ್ನೇ ತಾನೇ ಹೇಳಿದ್ದು: ಸುತ್ತಮುತ್ತ ಸಿಗುವ ವಸ್ತುವನ್ನೇ ಪಾಠೋಪಕರಣ ಮಾಡಿಕೊಳ್ಳಿ, ಮಗುವಿಗೆ ಗೊತ್ತಿರುವುದರಿಂದ ಶುರು ಮಾಡಿ ಅಂತ. ಆಗ ಹುಣಸೆಬೀಜ, ಬೆಂಕಿಪೊಟ್ಟಣ ಜೋಡಿಸಿ ಸಾಕಾಗಿ ಗೊಣಗಿಕೊಂಡೇ ಎದ್ದು ಬಂದಿದ್ದೆ. ಈಗ ನೋಡಿದರೆ ಇಡೀ ಊರೇ ಒಂದು ಪಾಠೋಪಕರಣ. ಪ್ರತಿ ಬ್ಯಾರನ್ನಿನ ಗೋಡೆಯಲ್ಲೂ ಅಂಗೈಯಗಲದ ಒಂದು ಗಾಜಿನ ಕಿಂಡಿ, ಅದರ ಹಿಂದೆ ತೂಗುವ ಥರ್ಮಾಮೀಟರು. ಸೊಪ್ಪು ಹಳದಿಯಾಗುವ ತನಕ ಇಷ್ಟು ಶಾಖ, ಎಲೆ ಒಣಗಲು ಇಷ್ಟು, ದಂಟು ಒಣಗಲು ಇನ್ನಷ್ಟು. ಒಂದು ಹೊತ್ತು ತಪ್ಪಿದರೆ ಒಂದು ಬ್ಯಾರನ್ ಸೊಪ್ಪು ಕಪ್ಪಾಗಿ ಹಾಳು.

ಆ ಬ್ಯಾರನ್ನು ಈ ಹುಡುಗಿಯ ಅಪ್ಪನದೇ. ಕೇಳಿದ ಕೂಡಲೇ ಒಪ್ಪಿದ. “ಬನ್ನಿ ಮೇಡಮ್ಮೋರೇ, ಅದ್ರಲ್ಲೇನದೆ. ನಂಗಂತೂ ಆ ಗೀಟು ತಿಳೀಯಕ್ಕಿಲ್ಲ. ನೋಡಕ್ಕೆ ಪಕ್ಕದಳ್ಳಿಯೋನ್ನ ಕರ‍್ಸ್ತೀನಿ. ಅವ್ನೋ, ನಾಕ್ ಬ್ಯಾರನ್ ಒಪ್ಕೊಂಡು ಒಂದ್ರತ್ರಾನೂ ನಿಲ್ಲಕ್ಕಿಲ್ಲ” ಎಂದ.

ಇಪ್ಪತ್ತೆರಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಒಬ್ಬೊಬ್ಬರೂ ಕಿಂಡಿಯಲ್ಲಿ ಇಣುಕಿ, ದೊಡ್ಡ ಗೀಟು ಎಷ್ಟು, ನಡುವೆ ಸಣ್ಣ ಗೀಟು ಎಷ್ಟು, ಒಂದು ಸಣ್ಣ ಗೀಟಿಗೆ ಎಷ್ಟು ಫ್ಯಾರನ್‌ಹೀಟ್ ಡಿಗ್ರಿ ಎಂದು ಹೇಳಬೇಕು. ಮೊದಲು ಎಲ್ಲರೂ ತಪ್ಪಿದರು, ಸಣ್ಣ ಗೀಟನ್ನು ಒಂದೊಂದಾಗಿಯೇ ಎಣಿಸಿದರು. ಇವಳು ಕಿಂಡಿಗೆ ಮುಖ ಒತ್ತಿ ನಿಂತು ಬೆರಳು ಮಡಿಸಿ ಲೆಕ್ಕ ಹಾಕಿದಳು. ಆಮೇಲೆ “ಒಂದೊಂದ್ಕೂ ಎರಡೆರಡು ಮಿಸ್. ಈಗ ತೊಂಬತ್ತಾರು” ಎಂದಳು. ಸರಿಯಾಗಿತ್ತು. ಮಧ್ಯಾಹ್ನ ಮತ್ತೆ ಕಳಿಸಿದೆ, ತೊಂಬತ್ತೆಂಟು. ಹೊತ್ತು ಒಂದು ಕಡೆ, ಶಾಖ ಒಂದು ಕಡೆ ಬರೆದು ಪಟ್ಟಿ ಮಾಡುವುದನ್ನೂ ಕಲಿಸಿದೆ. ಎರಡೇ ದಿನದಲ್ಲಿ ಆ ಪಾಠ ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು.

ಅವಳಪ್ಪ ಸೌದೆ ಹಾಕುತ್ತಿದ್ದವನು ಎದ್ದು ಬಂದು ಕೇಳಿದ: “ಇವ್ಳು ಯೋಳ್ತಿರೋದು ದಿಟ್ವಾ ಮೇಡಮ್ಮೋರೇ? ಸರ‍್ಯಾಗದಾ?”

ನನ್ನ ಬಾಯಿ ಸುಮ್ಮನಿರಬೇಕಲ್ಲ! ಪಾಠ ಗೆದ್ದ ಜಂಬ ತಲೆಗೇರಿತ್ತು. “ನೂರಕ್ಕೆ ನೂರು ಸರಿ. ಮನೇಲೇ ಇಂಥವಳನ್ನ ಇಟ್ಕೊಂಡು ಪಕ್ಕದ ಹಳ್ಳಿಯೋನ ಕೈಕಾಲು ಹಿಡೀತೀರಲ್ಲ ಯಜಮಾನ್ರೇ!” ಎಂದು ನಕ್ಕೆ. ಮಕ್ಕಳೂ ನಕ್ಕರು. ಅವನು ನಗಲಿಲ್ಲ, ಮಗಳನ್ನೇ ನೋಡಿದ.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಊಟದ ಬಿಡುವಿನಲ್ಲಿ ಎದುರಿನ ದಾರಿ ದಾಟಿ ಬ್ಯಾರನ್ನಿಗೆ ಹೋದೆ. ಕಿಂಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತಿದ್ದಳು, ತೊಡೆಯ ಮೇಲೆ ವಿಜ್ಞಾನದ ನೋಟ್‌ಪುಸ್ತಕ. ಹೊತ್ತು ಒಂದು ಕಡೆ, ಶಾಖ ಒಂದು ಕಡೆ, ಸ್ಕೇಲು ಇಟ್ಟು ಗೆರೆ ಎಳೆದು ಬರೆದಿದ್ದಳು. ಒಂದು ಚಿತ್ತಿಲ್ಲ, ಕಾಟಿಲ್ಲ. ನನ್ನನ್ನು ಕಂಡು ಎದ್ದು ನಿಂತು, “ನೂರಾ ಮೂವತ್ತೆಂಟು ಮಿಸ್” ಎಂದಳು.

ಅವಳಪ್ಪನ ಮೇಲೆ ಜಗಳಕ್ಕೆ ಬಿದ್ದೆ. ಪಬ್ಲಿಕ್ ಪರೀಕ್ಷೆ ಕಣ್ರೀ, ಇದೊಂದು ವರ್ಷ ಬಿಟ್ಟುಬಿಡಿ ಎಂದು ಬೇಡಿಕೊಂಡೂ ನೋಡಿದೆ. ಅವನು ತಿರುಗಿ ಮಾತಾಡಿದ್ದರೆ ನನಗೂ ಚೆನ್ನಾಗಿರುತ್ತಿತ್ತು. ಅವನೋ ಕೂರಲು ಮಣೆ ಕೊಟ್ಟ, ಹೆಂಡತಿಯನ್ನು ಕೂಗಿ ಕಾಫಿ ತರಿಸಿದ. “ನಿಮ್ ಉಪ್ಕಾರ ಮರೆಯಕ್ಕಿಲ್ಲ ಕಣ್ರವ್ವಾ. ಈ ಸಲದ ಸೊಪ್ಪು ನೋಡಿ, ಚಿನ್ನದಂಗೆ ಬಂದದೆ. ಇದೊಂದ್ ಬ್ಯಾರನ್ ಇಳೀಲಿ, ಕಳುಸ್ಬುಡ್ತೀನಿ” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಒಂದು ಬ್ಯಾರನ್ ಸೊಪ್ಪು ಬೆಂದು ಇಳಿದರೆ ಇನ್ನೊಂದು ಏರುತ್ತದೆ. ಮೇಲೆ ಮೇಲೆ ಸೊಪ್ಪು ಕುಯ್ಯುವುದು ಇದ್ದೇ ಇರುತ್ತದೆ. ಬೇಯಿಸುವುದು ಮುಗಿಯುವಾಗ ದೀಪಾವಳಿ ಹತ್ತಿರ ಬಂತು, ಆಮೇಲೆ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸ.

ನಡುವೆ ತಾಲ್ಲೂಕು ಮಟ್ಟದ ಪಾಠೋಪಕರಣ ಪ್ರದರ್ಶನ ಬಂತು. ಹೆಡ್‌ಮಾಸ್ಟರು ನನ್ನ ಬ್ಯಾರನ್ ಪಾಠವನ್ನೇ ಬರೆದು ಕಳಿಸಿದರು. ನಾನು ವೇದಿಕೆ ಹತ್ತಿ ವಿವರಿಸಿದೆ, ಚಪ್ಪಾಳೆ ತಟ್ಟಿದರು, ಪ್ರಮಾಣಪತ್ರ ಕೊಟ್ಟರು. ಈ ವಿಧಾನದಿಂದ ಮಕ್ಕಳಲ್ಲಿ ಏನು ಬದಲಾವಣೆ ಕಂಡಿರಿ ಎಂದು ಒಬ್ಬರು ಕೇಳಿದರು. ಒಬ್ಬಳಿಗಂತೂ ಪೂರ್ತಿ ಬಂದುಬಿಟ್ಟಿದೆ ಸಾರ್ ಎಂದೆ. ಮೈಯೆಲ್ಲ ಉರಿಯುತ್ತಿತ್ತು. ಅವರು ಬಹಳ ಸಂತೋಷ ಎಂದು ಬರೆದುಕೊಂಡರು.

ಸಂಕ್ರಾಂತಿ ಕಳೆದ ಮೇಲೆ ಅವಳು ಎರಡು ವಾರ ಶಾಲೆಗೆ ಬಂದಳು. ಹಿಂದಿನ ಸಾಲಿನಲ್ಲಿ ಕೂತಳು. ಇಂಗ್ಲಿಷು ಗೊತ್ತಾಗಲಿಲ್ಲ, ಲೆಕ್ಕ ಎಲ್ಲಿಗೋ ಹೋಗಿಬಿಟ್ಟಿತ್ತು. ಸಂಜೆ ಬಸ್ಸು ಬಿಟ್ಟು ಅವಳಿಗೆಂದೇ ಕೂತೆ. ಬೇಗ ಬೇಗ ತುಂಬಿಸಲು ಹೋಗಿ ಒಂದು ದಿನ ರೇಗಿದೆ. ಮಾರನೇ ದಿನದಿಂದ ಬರಲಿಲ್ಲ. ಮಾರ್ಚಿನಲ್ಲಿ ಅವಳ ಹಾಲ್ ಟಿಕೆಟ್ಟನ್ನು ನಾನೇ ಮನೆಗೆ ತೆಗೆದುಕೊಂಡು ಹೋದೆ. ಅವಳಪ್ಪ ಹಿತ್ತಲಲ್ಲಿ ಸಸಿಮಡಿಗೆ ನೀರು ಹಾಕುತ್ತಿದ್ದ. ಇವಳು ಬಾಗಿಲಲ್ಲಿ ನಿಂತು ಅದನ್ನು ತೆಗೆದುಕೊಂಡಳು, ತನ್ನ ಹೆಸರು ಓದಿದಳು, ಮತ್ತೆ ನನ್ನ ಕೈಗೇ ಕೊಟ್ಟಳು. “ಬ್ಯಾಡ ಮಿಸ್. ಫೇಲಾಯ್ತೀನಿ” ಎಂದಳು. ಹೈಸ್ಕೂಲಿನ ರೂಮಿನ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ ಇನ್ನೊಬ್ಬ ರೈತ ಗೇಟಿನ ಹತ್ತಿರ ಕಾಯುತ್ತಿದ್ದ. ಅವನ ಮಗಳು ಆ ವರ್ಷ ಏಳನೇ ತರಗತಿಗೆ ಬಂದಿದ್ದಳು. ಗಲಗಲ ಮಾತಾಡುವ ಹುಡುಗಿ, ಓದಿನಲ್ಲಿ ಸುಮಾರು. ಚಪ್ಪಲಿ ಬಿಟ್ಟು ಕೈಮುಗಿದು ಹೇಳಿದ: “ಮೇಡಮ್ಮೋರೇ, ಓದ್ವರ್ಸ ಆ ಮಗೀಗೆ ಮೀಟ್ರು ನೋಡೋದು ಕಲ್ಸಿದ್ರಂತಲ್ಲ. ನಮ್ಮವ್ಳಿಗೂ ಅದೊಂದ್ ಪಾಠ ಮೊದ್ಲೇ ಮಾಡ್ಕೊಟ್ಬುಡಿ. ಜುಲೈ ಕಡೇಲಿ ಸೊಪ್ಪು ಕುಯ್ಲಿಗ್ ಬತ್ತದೆ.”

ಬಯ್ಯಲೂ ಆಗಲಿಲ್ಲ. ಸ್ಟಾಫ್ ರೂಮಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ.

ಆ ವರ್ಷ ಉಷ್ಣತೆಯ ಪಾಠಕ್ಕೆ ವಿಧಾನವನ್ನು ಬಹಳ ಯೋಚನೆ ಮಾಡಿ ಆರಿಸಿದೆ. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಯೋಚಿಸಿ ಆರಿಸಿದ್ದು ಅದೊಂದನ್ನೇ. ಗೆದ್ದಲು ತಿಂದ ಚಾರ್ಟನ್ನೇ ತಂದು ಹಾಕಿದೆ. ಕೊಳವೆಯ ಚಿತ್ರ ಬರೆದೆ, ಗೀಟು ಹಾಕಲಿಲ್ಲ. ಪುಸ್ತಕವನ್ನು ಒಂದೇ ಉಸಿರಿಗೆ ಓದಿದೆ, ಪ್ರಶ್ನೆ ಉತ್ತರ ಬರೆಸಿದೆ, ಬಾಯಿಪಾಠ ಮಾಡಿಸಿದೆ. ಆ ಗಲಗಲ ಹುಡುಗಿ ಕೈಯೆತ್ತಿ, ಪುಸ್ತಕದ ಚಿತ್ರ ತೋರಿಸಿ, “ಮಿಸ್, ಈ ಗೀಟ್ನ ಎಂಗೆ ಎಣಿಸೋದು?” ಎಂದು ಕೇಳಿದಳು. ಪರೀಕ್ಷೆಗೆ ಅದು ಬರಲ್ಲ, ಕೂತ್ಕೊ ಎಂದೆ. ಟೆಸ್ಟಿನಲ್ಲಿ ಎಲ್ಲರಿಗೂ ಒಳ್ಳೆಯ ಅಂಕ ಬಂತು. ಒಬ್ಬರಿಗೂ ಥರ್ಮಾಮೀಟರು ನೋಡಲು ಬರುತ್ತಿರಲಿಲ್ಲ. ಹೆಡ್‌ಮಾಸ್ಟರು, “ಈಗ ನೋಡಿ, ಎಷ್ಟು ಬೇಗ ಪೋರ್ಷನ್ ಮುಗೀತು” ಎಂದರು. ಈ ಹುಡುಗಿಯಾದರೂ ಶಾಲೆಯಲ್ಲಿ ಉಳಿದಳು ಎಂದು ನಾನು ನಂಬಿದೆ.

ಆಗಸ್ಟ್ ಎರಡನೇ ವಾರ ಅವಳು ಬರಲಿಲ್ಲ. ಮೂರು ದಿನ ನೋಡಿ ಅವರ ತೋಟದ ಕಡೆ ಹೋದೆ. ಚಪ್ಪರದ ಕೆಳಗೆ ಹೆಂಗಸರ ಸಾಲಿನಲ್ಲಿ ಕೂತು ಬ್ಯಾರನ್ನಿಗೆ ಏರಿಸಲು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಅಂಗೈ, ಬೆರಳ ಸಂದು ಎಲ್ಲ ಸೊಪ್ಪಿನ ಅಂಟು ಹಿಡಿದು ಕಪ್ಪಾಗಿತ್ತು. ಅವಳಪ್ಪ ಬೇಸರದಿಂದ ಹೇಳಿದ: “ಏನ್ ಮಾಡಾದು ಮೇಡಮ್ಮೋರೇ, ಕಿಂಡಿ ಮುಂದೆ ನಿಲ್ಸ್ ನೋಡ್ದೆ, ಇವ್ಳಿಗೆ ಬರ‍್ನಿಲ್ಲ. ಅದ್ಕೇ ಸೊಪ್ಪು ಕಟ್ಟಕ್ಕೆ ಕೂರ‍್ಸಿವ್ನಿ.”

ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು ನನ್ನ ಹತ್ತಿರ ಬಂದಳು. ಗಲಗಲ ಇರಲಿಲ್ಲ. “ನೀವು ಚೆನ್ನಾಗೇ ಮಾಡಿದ್ರಿ ಮಿಸ್. ನಂಗೇ ತಲೆಗೆ ಅತ್ನಿಲ್ಲ” ಎಂದಳು.

ಇಲ್ಲ ಕಣೇ, ನಾನು ಬೇಕೆಂದೇ ಕಲಿಸಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳಪ್ಪ ಪಕ್ಕದಲ್ಲೇ ನಿಂತಿದ್ದ, ಹೆಂಗಸರೆಲ್ಲ ನೋಡುತ್ತಿದ್ದರು. ಇರಲಿ ಬಿಡು ಎಂದೆ. ಅವಳು ಮತ್ತೆ ಹೋಗಿ ತನ್ನ ಜಾಗದಲ್ಲಿ ಕೂತಳು.